ಪಳಗದ ಬೂಟು

ಬೂಟಣ್ಣನ ಅಂಗಡಿಯಲ್ಲಿ ಹೊಸ ಬೂಟು ಹೊಲಿಸಿಕೊಂಡವರಿಗೆ ಉಪದೇಶ ಪುಕ್ಕಟೆ: "ಮೊದಲು ಎರಡು ವಾರ ಮನೆಯೊಳಗೇ ಹಾಕ್ಕೊಂಡು ಓಡಾಡಿ. ಬೂಟು ಪಳಗಬೇಕು ಸ್ವಾಮಿ, ಆಮೇಲೆ ಬೀದಿ!"

ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ. ದೇವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟಾಗ ಈ ಮಹಾಶಯ ಹಾಕಿಕೊಂಡದ್ದು ಹಿಂದಿನ ಸಂಜೆಯಷ್ಟೇ ಕೊನೆಯ ಹೊಲಿಗೆ ಬಿದ್ದಿದ್ದ ಕಂದು ಬೂಟು. ಅಷ್ಟು ದೊಡ್ಡ ಹರಕೆಗೆ ಹಳೇ ಬೂಟಿನಲ್ಲಿ ಹೋಗುವುದೇ?

ಹರಕೆ ಹೊತ್ತವನೂ ಅವನೇ. ಹೆಂಡತಿ ವರ್ಷವಿಡೀ ಹಾಸಿಗೆ ಹಿಡಿದಿದ್ದಳು. ಮಂಚದಿಂದ ಕಿಟಕಿಯವರೆಗೆ ಹೋಗಲೂ ಅವಳಿಗೆ ಗಂಡನ ಹೆಗಲು ಬೇಕಿತ್ತು. "ಇವಳು ಎದ್ದು ನಡೆದರೆ ಸಾಕು ತಂದೆ, ಇಬ್ಬರೂ ನಡ್ಕೊಂಡೇ ಬರ್ತೀವಿ, ಗಾಡಿ ಹತ್ತೋದಿಲ್ಲ" ಎಂದು ಬೇಡಿಕೊಂಡಿದ್ದ. ಅವಳು ಎದ್ದಳು. ಬೆಟ್ಟಕ್ಕೆ ನಡೆಯಲು ಡಾಕ್ಟರೂ ಹೂಂ ಅಂದರು.

ಮೊದಲ ದಿನ ಬೂಟಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜೊತೆಗೆ ನಡೆಯುವವರಲ್ಲಿ ಒಬ್ಬನ ಅಟ್ಟೆ ಸವೆದಿದೆ ಎಂದ, ಇನ್ನೊಬ್ಬನ ಹಿಮ್ಮಡಿ ಓರೆ ಎಂದ. ಹೆಂಡತಿಯ ಹಳೇ ಚಪ್ಪಲಿಯನ್ನಂತೂ ದಾರಿಯುದ್ದಕ್ಕೂ ಆಡಿಕೊಂಡ. ಮಾರನೆಯ ದಿನ ಕಾಲಲ್ಲಿ ಬೊಬ್ಬೆ ಎದ್ದವು. ಅದರ ಮಾರನೆಯ ದಿನ ಬೊಬ್ಬೆಯ ಜೊತೆಗೆ ಜಂಬವೂ ಒಡೆಯಿತು. ಆದರೂ ತುಟಿಪಿಟಕ್ಕೆನ್ನಲಿಲ್ಲ. ನೋವಿಗಿಂತ ಅವನಿಗೆ ಹೆದರಿಕೆ ಹೆಚ್ಚಾಗಿತ್ತು. ಗಾಡಿ ಹತ್ತಿದರೆ ಹರಕೆ ಮುರಿಯುತ್ತದೆ, ಹರಕೆ ಮುರಿದರೆ ಅವಳು ಮತ್ತೆ ಆ ಮಂಚಕ್ಕೆ ಬಿದ್ದಾಳು!

ತರಕಾರಿ ಗಾಡಿಯವನೊಬ್ಬ ಇವನು ಕುಂಟುವುದನ್ನು ನೋಡಿ ನಿಲ್ಲಿಸಿದ. "ಹತ್ತಣ್ಣ, ಬೆಟ್ಟದ ಬುಡಕ್ಕೆ ಬಿಡ್ತೀನಿ."

ಬೂಟಣ್ಣನ ಕಣ್ಣಲ್ಲಿ ನೀರು ಬಂತು. ಹೆಂಡತಿ ಅವನನ್ನು ಕಲ್ಲಿನ ಮೇಲೆ ಕೂರಿಸಿ ಬೂಟು ಬಿಚ್ಚಿದಳು.

"ಅಯ್ಯೋ, ಇದೇನ್ರೀ ಇದು! ಗಿರಾಕಿಗಳಿಗೆ ಏನು ಹೇಳ್ತಿದ್ರಿ ನೀವು?"

"ಗಾಡಿ ಹತ್ತಿದ್ರೆ ನಿನಗೇನಾದ್ರೂ ಆದೀತು ಅಂತ ಸುಮ್ಮನಿದ್ದೆ ಕಣೇ."

ಅವಳು ಗಾಡಿಯವನಿಗೆ ಕೈಮುಗಿದು ಕಳಿಸಿ, ಗಂಡನ ಚೀಲದಿಂದ ಚರ್ಮ ಕೊಯ್ಯುವ ಚಾಕು ತೆಗೆದಳು.

"ಮುಂದೆ ಹಿಂದೆ ಕೊಯ್ದು ಬಿಸಾಕಿ."

"ಇದನ್ನಾ? ತಿಂಗಳುಗಟ್ಟಲೆ ಹೊಲಿದಿದ್ದೀನಿ!"

"ನೀವು ಕೊಯ್ತೀರೋ, ನಾನು ಕೊಯ್ಲೋ?"

ಅವಳ ಕೈಗೆ ಸಿಕ್ಕರೆ ಬೂಟಿನ ಗತಿ ಏನೆಂದು ಅವನಿಗೆ ಗೊತ್ತಿತ್ತು. ಹಲ್ಲು ಕಚ್ಚಿ ತಾನೇ ಕೊಯ್ದ. ಮುಂದೆ ಬೆರಳು, ಹಿಂದೆ ಹಿಮ್ಮಡಿ ಗಾಳಿ ಕಂಡವು. ದಾರಿಯವರೆಲ್ಲ ಬಿದ್ದು ಬಿದ್ದು ನಕ್ಕರು, ಸವೆದ ಅಟ್ಟೆಯವನು ಎಲ್ಲರಿಗಿಂತ ಜೋರಾಗಿ. ಬೂಟಣ್ಣನಿಗೂ ನಗು ತಡೆಯಲಾಗಲಿಲ್ಲ.

ಬೆಟ್ಟದ ಏರಿನಲ್ಲಿ ಹೆಂಡತಿ ಹಳೇ ಚಪ್ಪಲಿಯಲ್ಲಿ ಪಟಪಟನೆ ಮುಂದೆ ಹೋದಳು.

"ಲೇ, ನಿಧಾನ ಕಣೇ!" ಎಂದು ಕೂಗಿ, ಅವನು ಮೇಲೆ ನೋಡಿದ. "ನಡೆದರೆ ಸಾಕು ಅಂದಿದ್ದೆ ತಂದೆ, ಓಡಿಸು ಅಂದಿದ್ನಾ?"

ಅವಳು ತಿರುಗಿ ಇಳಿದು ಬಂದು ಪಕ್ಕದಲ್ಲಿ ನಿಂತು, ಬೆಟ್ಟದ ತುದಿಯತ್ತ ಕೈ ತೋರಿದಳು.

"ಹೆಗಲು ಹಿಡ್ಕೊಳ್ಳಿ, ಕಿಟಕಿ ಇನ್ನೂ ಸ್ವಲ್ಪ ದೂರ ಇದೆ."