ಅಕ್ಕನ ಮನೆ, ತಮ್ಮನ ಹೆಸರು

ಕೋರ್ಟಿಗೆ ಹೋಗಬೇಕಾಗಿದ್ದ ದಿನ ಬೆಳಿಗ್ಗೆಯೂ ಆಕೋ ಎಂದಿನಂತೆ ಗಂಜಿ ಮಾಡಿದಳು. ಆಕೋ ಎಂದರೆ ನನ್ನ ಅಪ್ಪನ ಅಕ್ಕ. ಹೆಸರು ಸೋಯ್ ಎಂಗ್. ಗಂಜಿಗೆ ಉಪ್ಪುಮೊಟ್ಟೆ, ಉಪ್ಪಿನಲ್ಲಿ ಹಾಕಿದ ಸಾಸಿವೆ ಸೊಪ್ಪು, ಹುರಿದ ಕಡಲೆಕಾಯಿ. ಅಪ್ಪ ಎರಡು ಬಟ್ಟಲು ಕುಡಿದು ಮತ್ತೆ ಸೌಟಿಗೆ ಕೈ ಹಾಕಿದಾಗ ಆಕೋ ತಡೆದಳು.

"ಸಾಕು ಬಿಡು. ಜಡ್ಜ್ ಮುಂದೆ ನಿಂತ್ಕೊಂಡು ಟಾಯ್ಲೆಟ್ಟು ಎಲ್ಲಿ ಅಂತ ಕೇಳ್ತೀಯಾ?"

ಅಪ್ಪ ಸೌಟು ಬಿಟ್ಟ. ಆಮೇಲೆ ಮೂವರೂ ಒಂದೇ ಲಿಫ್ಟಿನಲ್ಲಿ ಇಳಿದು ಒಂದೇ ರೈಲು ಹತ್ತಿದೆವು. ಕೇಸು ಹಾಕಿದವಳು ಆಕೋ, ಹಾಕಿಸಿಕೊಂಡವನು ಅಪ್ಪ. ಸಾಕ್ಷಿ ನಾನು, ಪೆಯ್ ಶಿಯಾ. ಅವನ ಮಗಳು, ಅವಳ ಕೈಯಲ್ಲಿ ಬೆಳೆದವಳು. ಕೆಲಸದ ಜಾಗಕ್ಕೆ ಹತ್ತಿರವೆಂದು ನಾನು ಬೇರೆ ಕಡೆ ಒಂದು ಕೋಣೆ ಹಿಡಿದಿದ್ದೆ. ಕೋರ್ಟಿಗಾಗಿ ಹಿಂದಿನ ದಿನವೇ ಮನೆಗೆ ಬಂದಿದ್ದೆ. ರೈಲಿನಲ್ಲಿ ಒಂದೇ ಸೀಟು ಖಾಲಿ ಇತ್ತು. ಅಪ್ಪ ಅಕ್ಕನಿಗೆ ಕೂರಲು ಹೇಳಿದ. ಅವಳು ಕೂತು, ಅವನ ಫೈಲನ್ನೂ ಇಸಿದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ನಮ್ಮವರು ಮೂಲದಲ್ಲಿ ಪಕ್ಕದ ದೇಶದ ಜೊಹೊರ್ ಸೀಮೆಯ ಮುವಾರಿನವರು. ಸೇತುವೆ ದಾಟಿ ಸಿಂಗಪುರಕ್ಕೆ ಮೊದಲು ಬಂದವಳು ಆಕೋ. ಟೀವಿ ಜೋಡಿಸುವ ಕಾರ್ಖಾನೆಯಲ್ಲಿ ಕೆಲಸ. ಎರಡು ವರ್ಷದ ನಂತರ ತಮ್ಮನನ್ನು ಕರೆಸಿಕೊಂಡಳು. ಅಪ್ಪ ಇಲ್ಲಿಯ ಹುಡುಗಿಯನ್ನು, ಅಂದರೆ ನನ್ನ ಅಮ್ಮನನ್ನು ಮದುವೆಯಾಗಿ ಇಲ್ಲಿಯ ಪ್ರಜೆಯಾದ. ಆಕೋ ಆಗಲಿಲ್ಲ. "ಒಬ್ಬರಾದ್ರೂ ಈ ಕಡೆಯವರಾಗಿ ಉಳೀರೋ, ನನ್ನ ಸಮಾಧಿ ಮೇಲಿನ ಹುಲ್ಲು ಕೀಳೋರು ಯಾರು?" ಎಂದು ಮುವಾರಿನಲ್ಲಿದ್ದ ಅಜ್ಜಿ ಹಟ ಹಿಡಿದಿದ್ದಳಂತೆ. ಆ ಒಬ್ಬರು ಯಾರಾಗಬೇಕು ಎಂದು ಯಾರೂ ಕೂತು ತೀರ್ಮಾನಿಸಿದಂತಿಲ್ಲ. ಆಕೋ ಆದಳು, ಅಷ್ಟೆ.

ಇಲ್ಲಿ ಸರ್ಕಾರ ಕಟ್ಟಿಸಿದ ಮನೆ ಕೊಳ್ಳಲು ಇಲ್ಲಿಯ ಪ್ರಜೆಯಾಗಿರಬೇಕು, ಸಂಸಾರವಂತರಾಗಿರಬೇಕು. ಆಕೋ ಎರಡೂ ಅಲ್ಲ. ಹಾಗಾಗಿ ಬುಕಿತ್ ಮೆರಾ ಬಡಾವಣೆಯ ಒಂಬತ್ತನೇ ಮಹಡಿಯ ಮನೆಯನ್ನು ಅಪ್ಪ ಅಮ್ಮ ಇಬ್ಬರ ಹೆಸರಿನಲ್ಲಿ ತೆಗೆದುಕೊಂಡರು. ಕಂತು ಕಟ್ಟಿದ್ದು ಆಕೋ. ಅಪ್ಪನ ಟ್ಯಾಕ್ಸಿ ದುಡಿಮೆ ಟ್ಯಾಕ್ಸಿಯ ಬಾಡಿಗೆಗೂ ಭಾನುವಾರದ ಲಾಟರಿಗೂ ಸರಿಹೋಗುತ್ತಿತ್ತು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಮನೆ ಅಪ್ಪನೊಬ್ಬನ ಹೆಸರಿಗೆ ಬಂತು. ಜಡೆ ಹಾಕುವುದು, ಮಗ್ಗಿ ಕೇಳುವುದು, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವುದು ಎಲ್ಲ ಆಕೋ ಪಾಲಿಗೆ ಬಂತು.

ಅಪ್ಪ ಇದನ್ನು ಎಂದೂ ಮುಚ್ಚಿಡಲಿಲ್ಲ. ಹೊಸ ವರ್ಷಕ್ಕೆ ಬಂದ ನೆಂಟರು ಅಡುಗೆಮನೆ ಚೆನ್ನಾಗಿದೆ ಅಂದರೆ, "ನನ್ನನ್ಯಾಕೆ ಹೊಗಳ್ತೀರಿ? ಇದು ಅಕ್ಕನ ಮನೆ. ನಾನಿಲ್ಲಿ ಬಾಡಿಗೆ ಕೊಡದ ಬಾಡಿಗೆದಾರ" ಎಂದು ನಗುತ್ತಿದ್ದ. ಆಕೋ ಒಳಗಿನಿಂದಲೇ, "ಬಾಯಿ ಮಾತ್ರ ಯಜಮಾನಂದು" ಎನ್ನುತ್ತಿದ್ದಳು.

ಹೀಗಿರುವಾಗ ನಮ್ಮ ಕಟ್ಟಡವನ್ನು ಕೆಡವಿ ಆ ಜಾಗದಲ್ಲಿ ಹೊಸದು ಕಟ್ಟುತ್ತಾರೆಂದು ಸುದ್ದಿ ಬಂತು. ಮನೆಯ ಮಾಲೀಕರಿಗೆ ಪರಿಹಾರ ಕೊಡುತ್ತಾರೆ, ಹತ್ತಿರದಲ್ಲೇ ಹೊಸ ಮನೆ ಆರಿಸಿಕೊಳ್ಳಲು ಅವಕಾಶ ಕೊಡುತ್ತಾರೆ ಎಂದರು. ಅದೇ ಹೊತ್ತಿಗೆ ಅಪ್ಪನಿಗೆ ಚ್ಯೂ ಯಾನ್ ಎಂಬ ವಿಧವೆಯ ಸ್ನೇಹವಾಗಿತ್ತು. ಕೆಳಗಿನ ಊಟದಂಗಡಿಗಳ ಸಾಲಿನಲ್ಲಿ ಮೀನುಂಡೆ ನೂಡಲ್ ಮಾರುವವಳು. ಒಳ್ಳೆಯ ಹೆಂಗಸು, ಜೋರು ದನಿ. ಅವರು ಮದುವೆಯಾಗುವುದೆಂದು ನಿಶ್ಚಯವಾಗಿತ್ತು.

ಒಂದು ಭಾನುವಾರ ಊಟ ಮಾಡುತ್ತ ಅಪ್ಪ ಹೇಳಿದ, "ಹೊಸದು ಚಿಕ್ಕದಾದ್ರೂ ಸಾಕು. ನಾನು, ಚ್ಯೂ ಯಾನ್. ಉಳಿದ ದುಡ್ಡು ಬ್ಯಾಂಕಲ್ಲಿರತ್ತೆ."

"ಮತ್ತೆ ನಾನು?" ಆಕೋ ಕೇಳಿದಳು.

"ನೀನೂ ಬಾ. ಒಂದು ರೂಮು ಕೊಡ್ತೀನಿ."

"ನನ್ನ ಮನೇಲಿ ನಂಗೆ ರೂಮು ಕೊಡ್ತೀಯ."

"ನಿನ್ನ ಮನೆ ಎಲ್ಲಿದೆ ಅಕ್ಕ? ಹೆಸರು ನಂದಲ್ವಾ?"

ಅವನು ಒರಟಾಗಿ ಹೇಳಲಿಲ್ಲ. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಹೇಳುವವನ ಹಾಗೆ ಹೇಳಿದ. ಆಕೋ ಬಾಯಲ್ಲಿದ್ದ ತುತ್ತನ್ನು ಬಹಳ ಹೊತ್ತು ಅಗಿದಳು.

"ಆ ಹೆಸರು ಹಾಕಿಸಿದ್ದು ಯಾರು?"

"ನೀನೇ."

"ಹ್ಞೂಂ," ಎಂದು ತಟ್ಟೆ ಎತ್ತಿಕೊಂಡು ಎದ್ದಳು.

ಅವಳು ವಕೀಲರನ್ನು ಹುಡುಕಿಕೊಂಡಿದ್ದು ನನಗೂ ಹೇಳದೆ. ಇಳಂಗೋ ಎಂಬ ತಮಿಳು ಹುಡುಗ. ಎರಡನೇ ಸಲ ಹೋಗುವಾಗ ನನ್ನನ್ನು ಜೊತೆಗೆ ಕರೆದಳು. ಅವನು ಕಾಫಿ ಕೊಟ್ಟು, ಬೇಸರವಿಲ್ಲದೆ ಬಿಡಿಸಿ ಹೇಳಿದ.

"ಆಂಟಿ, ಒಬ್ಬರ ಹೆಸರಲ್ಲಿದ್ರೂ ಮನೆ ನಿಜವಾಗಿ ಇನ್ನೊಬ್ಬರದು ಅನ್ನೋದನ್ನ ಕಾನೂನು ಒಪ್ಪತ್ತೆ. ನಂಬಿಕೆ ಮೇಲೆ ಇಟ್ಕೊಂಡಿದ್ದಾರೆ ಅಂತ ಅರ್ಥ. ಖಾಸಗಿ ಮನೆಯಾಗಿದ್ರೆ ನಾನು ಧೈರ್ಯವಾಗಿ ವಾದ ಮಾಡ್ತಿದ್ದೆ. ಆದ್ರೆ ಇದು ಸರ್ಕಾರಿ ಮನೆ. ಕೊಳ್ಳೋ ಹಕ್ಕೇ ಇಲ್ಲದವರು ಬೇರೆಯವರ ಹೆಸರಿನ ಹಿಂದೆ ನಿಂತು ಒಡೆಯರಾಗೋಕಾಗಲ್ಲ. ಹಾಗೆ ಬಿಟ್ರೆ ಎಲ್ರೂ ಅದನ್ನೇ ಮಾಡ್ತಾರಲ್ಲ?"

"ಈಗ ನಾನು ಈ ದೇಶದವಳಾದ್ರೆ?"

"ಈ ವಯಸ್ಸಲ್ಲಿ ಕಷ್ಟ, ಆಂಟಿ. ಒಂದ್ವೇಳೆ ಆದ್ರೂ ಹಳೇದಕ್ಕೆ ಅದು ಅನ್ವಯ ಆಗತ್ತೆ ಅಂತ ಹೇಳಕ್ಕಾಗಲ್ಲ. ಸೋಲೋದೇ ಹೆಚ್ಚು."

"ಗೊತ್ತಾಯ್ತು," ಎಂದಳು ಆಕೋ. "ಕೇಸು ಹಾಕಪ್ಪ."

ಕೇಸು ನಡೆದಷ್ಟು ದಿನವೂ ಅಕ್ಕ ತಮ್ಮ ಅದೇ ಮನೆಯಲ್ಲಿದ್ದರು. ಅಂಚೆ ಪೆಟ್ಟಿಗೆಯ ಕೀಲಿ ಆಕೋ ಬಳಿ ಇತ್ತು. ಎರಡೂ ಕಡೆಯ ವಕೀಲರ ಪತ್ರಗಳನ್ನು ಅವಳೇ ತರುತ್ತಿದ್ದಳು. ಅಪ್ಪನದನ್ನು ಹಾರಿಹೋಗದಂತೆ ಅವನ ಚಹಾ ಲೋಟದ ಕೆಳಗೆ ಇಡುತ್ತಿದ್ದಳು. ಅವನ ಅಂಗಿ ಒಗೆದು ಬಿದಿರು ಕೋಲಿಗೆ ಏರಿಸಿ ಕಿಟಕಿಯಿಂದ ಆಚೆ ಚಾಚುತ್ತಿದ್ದಳು. ಅವಳ ಮಂಡಿನೋವಿಗೆ ಅಪ್ಪ ಎಣ್ಣೆ ತಂದು ಫ್ರಿಜ್ಜಿನ ಮೇಲೆ ಇಡುತ್ತಿದ್ದ. ಪಕ್ಕದ ಮನೆಯ ಮಲಯ ಹೆಂಗಸು ರೊಕಿಯಾ ಒಮ್ಮೆ ಕಾರಿಡಾರಿನಲ್ಲಿ ತಡೆಯಲಾರದೆ ಕೇಳಿಯೇಬಿಟ್ಟಳು.

"ಅಲ್ಲ ಕಣಮ್ಮಾ, ಒಂದು ದಿನಾನೂ ಕೂಗಾಡಿದ್ದು ಕೇಳ್ಳಿಲ್ಲ. ಇದೆಂಥಾ ಕೇಸು ನಿಮ್ದು?"

"ಕೂಗಾಡೋಕೆ ಇಬ್ರು ವಕೀಲ್ರನ್ನ ಇಟ್ಟಿದೀವಿ. ನಂಗೆ ಅಡುಗೆ ಕೆಲಸ ಇದೆ," ಎಂದಳು ಆಕೋ.

ನಾನು ಬಂದಾಗಲೆಲ್ಲ ಅವರಿಬ್ಬರ ಮಧ್ಯೆ ಕೂತು ಟೀವಿ ನೋಡುತ್ತಿದ್ದೆ. ಯಾರ ಮೇಲೂ ಸಿಟ್ಟು ಬರುತ್ತಿರಲಿಲ್ಲ. ಬರಬೇಕಿತ್ತು ಅನ್ನಿಸುತ್ತಿತ್ತು. ಹಲ್ಲು ಕೀಳುವ ಮುನ್ನ ಸೂಜಿ ಚುಚ್ಚುತ್ತಾರಲ್ಲ, ಆಗ ತುಟಿ ತನ್ನದೇ ಅಂತ ಗೊತ್ತಿದ್ದರೂ ಮುಟ್ಟಿದರೆ ತಿಳಿಯುವುದಿಲ್ಲ, ಹಾಗಿತ್ತು.

ಕೋರ್ಟಿನಲ್ಲಿ ನನ್ನನ್ನು ಮೊದಲು ಕರೆದರು. ಕಂತು ಕಟ್ಟಿದ್ದು ಯಾರು ಎಂದು ಇಳಂಗೋ ಕೇಳಿದ. ಆಕೋ ಎಂದೆ. ಅಪ್ಪನ ವಕೀಲೆ ಎದ್ದಳು.

"ಆಗ ನೀವು ಚಿಕ್ಕ ಮಗು. ನಿಮಗೆ ಹೇಗೆ ಗೊತ್ತು?"

"ಅಪ್ಪನೇ ಹೇಳ್ತಿದ್ರು. ಬಂದೋರಿಗೆಲ್ಲ. ಇದು ಅಕ್ಕನ ಮನೆ, ನಾನು ಬಾಡಿಗೆ ಕೊಡದ ಬಾಡಿಗೆದಾರ ಅಂತ."

ಆಕೆ ಅಪ್ಪನತ್ತ ತಿರುಗಿ ನೋಡಿದಳು. ಅಪ್ಪ ತನ್ನ ಜಾಗದಲ್ಲಿ ಕೂತು ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಆಕೆ ಮುಂದೇನೂ ಕೇಳದೆ ಕೂತುಬಿಟ್ಟಳು.

ಅಪ್ಪನ ಸರದಿ ಬಂದಾಗಲೂ ಅವನು ಸುಳ್ಳು ಹೇಳಲಿಲ್ಲ. "ಅಕ್ಕನೇ ಕೊಟ್ಟಿದ್ದು. ಯಾರಿಲ್ಲ ಅಂದ್ರು?" ಎಂದ. "ಆದ್ರೆ ನಿನ್ನ ಹೆಸರಲ್ಲಿ ತಗೋ ಅಂದಿದ್ದೂ ಅವಳೇ. ಮುಂದೆ ವಾಪಸ್ ಕೊಡು ಅಂತ ಹೇಳಿರಲಿಲ್ಲ. ಅಕ್ಕ ಅಂದ್ಮೇಲೆ ಕೊಡ್ತಾಳೆ. ತಮ್ಮ ಅಂದ್ಮೇಲೆ ತಗೋತಾನೆ. ನಾನು ಹಾಗೇ ತಿಳ್ಕೊಂಡಿದ್ದೆ."

"ನೀವೇನು ತಿಳಿದುಕೊಂಡಿದ್ದಿರಿ?" ಎಂದು ಆಕೋಳನ್ನು ಕೇಳಿದಾಗ ಅವಳು ಸ್ವಲ್ಪ ಯೋಚಿಸಿದಳು. "ನಾನೇನೂ ತಿಳ್ಕೊಂಡಿರ್ಲಿಲ್ಲ. ಅದು ಮನೆ. ಅಲ್ಲಿದ್ವಿ," ಎಂದಳು. ಇಳಂಗೋ ಕಣ್ಣು ಮುಚ್ಚಿಕೊಂಡ.

ತೀರ್ಪು ಕೆಲವು ವಾರಗಳ ಮೇಲೆ ಬಂತು. ಜಡ್ಜ್ ಮಧ್ಯವಯಸ್ಸಿನ ಹೆಂಗಸು. ನಿಧಾನವಾಗಿ ಓದಿದರು. ಪಕ್ಕದಲ್ಲಿ ದುಭಾಷಿ ನಿಂತು ನಮ್ಮ ತಿಯೋಚ್ಯೂ ಚೀನೀ ಮಾತಿನಲ್ಲಿ ಆಕೋಗೆ ಹೇಳುತ್ತಿದ್ದ. ಮನೆಗೆ ಹಣ ಕೊಟ್ಟವರು ಅಕ್ಕನೇ ಎಂಬುದನ್ನು ನ್ಯಾಯಾಲಯ ಪೂರ್ತಿಯಾಗಿ ನಂಬುತ್ತದೆ. ಆದರೆ ಸರ್ಕಾರಿ ಮನೆಯ ಒಡೆತನಕ್ಕೆ ಅರ್ಹರಲ್ಲದವರು ಇನ್ನೊಬ್ಬರ ಮೂಲಕ ಅದರ ಒಡೆತನ ಪಡೆಯುವುದಕ್ಕೆ ಕಾನೂನಿನಲ್ಲಿ ದಾರಿಯಿಲ್ಲ. ಆದ್ದರಿಂದ ದಾವೆ ವಜಾ.

ಆಕೋ ದುಭಾಷಿಯ ತೋಳು ಮುಟ್ಟಿದಳು. "ಮೊದಲು ಹೇಳಿದ್ದು ಇನ್ನೊಂದ್ಸಲ ಹೇಳಿ."

"ದಾವೆ ವಜಾ..."

"ಅದಲ್ಲ. ಅದಕ್ಕೂ ಮುಂಚಿಂದು."

ಅವನು ಜಡ್ಜ್ ಮುಖ ನೋಡಿದ. ಅವರು ಆಗಲಿ ಎಂಬಂತೆ ಕೈ ಮಾಡಿದರು. "ಹಣ ಕೊಟ್ಟವರು ನೀವೇ ಅಂತ ಜಡ್ಜ್ ನಂಬುತ್ತಾರೆ," ಎಂದ. ಆಕೋ ಸರಿ ಎಂದು ತಲೆಯಾಡಿಸಿ ಚೀಲ ಹೆಗಲಿಗೆ ಹಾಕಿಕೊಂಡಳು.

ಹೊರಗೆ ಮೆಟ್ಟಿಲ ಮೇಲೆ ಅಪ್ಪ ನಮಗಾಗಿ ಕಾಯುತ್ತಿದ್ದ. ಗೆದ್ದವನ ಮುಖ ಅದಲ್ಲ. ಸೋತವನದೂ ಅಲ್ಲ.

"ಅಕ್ಕ, ಆ ರೂಮಿನ ಮಾತು ಮಾತೇ."

"ಚ್ಯೂ ಯಾನ್ ಏನಂತಾಳೆ?"

"ಅವಳೇ ಹೇಳಿದ್ದು, ಅಕ್ಕನ್ನ ಬಿಡ್ಬೇಡ ಅಂತ."

"ಒಳ್ಳೇ ಹೆಂಗಸು," ಎಂದಳು ಆಕೋ. "ನಡಿ, ಮಾರ್ಕೆಟ್ಟು ಮುಚ್ಚತ್ತೆ. ಮೀನು ತಗೋಬೇಕು."

ಆ ಸಂಜೆ ಹುಳಿ ಪ್ಲಮ್ ಹಣ್ಣು, ಟೊಮೇಟೊ ಹಾಕಿ ಮೀನು ಬೇಯಿಸಿದಳು. ಮೀನಿನ ಕೆನ್ನೆಯ ಮಾಂಸವನ್ನು ಊಟದ ಕಡ್ಡಿಯಲ್ಲಿ ಬಿಡಿಸಿ ನನ್ನ ಬಟ್ಟಲಿಗೆ ಹಾಕಿದಳು. ಅಪ್ಪ ಚೆನ್ನಾಗಿದೆ ಎಂದ. ನನಗೆ ಅಳು ಬರಬಹುದು ಎಂದು ಕಾದೆ. ಬರಲಿಲ್ಲ. ಮೀನು ನಿಜವಾಗಿಯೂ ಚೆನ್ನಾಗಿತ್ತು.

ಮನೆ ಖಾಲಿ ಮಾಡುವ ತನಕ ಅಡುಗೆ ಹಾಗೆಯೇ ನಡೆಯಿತು. ಸಾಮಾನು ಸಾಗಿಸುವವರು ಬಂದ ದಿನ ಆಕೋಳ ಎರಡು ಸೂಟ್‌ಕೇಸು ಬೇರೆಯಾಗಿ ಬಾಗಿಲ ಹತ್ತಿರ ಇದ್ದವು. ಹೊಸ ಮನೆಗಲ್ಲ, ಮುವಾರಿಗೂ ಅಲ್ಲ. ಅಲ್ಲಿಯ ಮನೆಯಲ್ಲಿ ಅಜ್ಜಿ ಹೋದ ಮೇಲೆ ಆಕೋಳ ಚಿಕ್ಕಮ್ಮನ ಮಕ್ಕಳ ಸಂಸಾರ ತುಂಬಿಕೊಂಡಿತ್ತು. ಎರಡು ಬಸ್ ನಿಲ್ದಾಣ ಆಚೆ, ಒಬ್ಬ ಅಪರಿಚಿತ ಮುದುಕಿಯ ಮನೆಯಲ್ಲಿ ಅವಳು ಕೋಣೆಯೊಂದನ್ನು ಬಾಡಿಗೆಗೆ ಹಿಡಿದಿದ್ದಳು.

"ನನ್ನ ಜೊತೆ ಬಾ ಆಕೋ. ಇಬ್ರೂ ಸೇರಿ ದೊಡ್ಡ ರೂಮು ಹಿಡಿಯೋಣ," ಎಂದೆ.

"ನಿನಗೆ ನಿದ್ದೇಲಿ ಒದೆಯೋ ಅಭ್ಯಾಸ. ಚಿಕ್ಕಂದಿನಲ್ಲಿ ಒದೆಸ್ಕೊಂಡಿದ್ದು ಸಾಕು."

"ಅಪ್ಪ ಕರೀತಿದ್ದಾರಲ್ಲ..."

"ಕರೀತಾನೆ. ಅವನು ಕೆಟ್ಟವನಲ್ಲ ಕಣೇ. ಆ ಬಾಡಿಗೆ ರೂಮಿಗೆ ತಿಂಗಳಿಗೆ ಇಷ್ಟು ಅಂತ ಕೊಡ್ತೀನಿ. ನನ್ನ ಜಾಗ ಎಲ್ಲಿಂದ ಎಲ್ಲೀವರೆಗೆ ಅಂತ ಗೊತ್ತಿರತ್ತೆ."

ಆ ಮುದುಕಿಯ ಕಟ್ಟಳೆ, ನೀರು ಕಾಯಿಸಬಹುದು, ಅಡುಗೆ ಮಾಡಬಾರದು. ಇಷ್ಟು ವರ್ಷ ಮೂರು ಹೊತ್ತೂ ಒಲೆ ಮುಂದೆ ನಿಂತಿದ್ದ ಆಕೋ ಈಗ ಕೆಳಗಿನ ಅಂಗಡಿಗಳಲ್ಲಿ ತಿನ್ನುತ್ತಾಳೆ. ಭಾನುವಾರ ನಾನು ಹೋದಾಗ ಇಬ್ಬರೂ ಅನ್ನದಂಗಡಿಯ ಸಾಲಿನಲ್ಲಿ ನಿಲ್ಲುತ್ತೇವೆ. ಇದಕ್ಕೆ ಬೆಳ್ಳುಳ್ಳಿ ಸಾಲದು, ಅದಕ್ಕೆ ಎಣ್ಣೆ ಹೆಚ್ಚು ಎಂದು ಪಿಸುಗುಟ್ಟುತ್ತಾಳೆ. ಬೇರೆ ಯಾವ ದೂರೂ ಅವಳ ಬಾಯಿಂದ ಬಂದಿಲ್ಲ.

ಹೊಸ ವರ್ಷದ ಹಿಂದಿನ ದಿನ ಅಪ್ಪನ ಮನೆಯಲ್ಲಿ ಎಲ್ಲರೂ ಸೇರಿ ಊಟ. ಆಕೋ ಒಂದು ಜೊತೆ ಕಿತ್ತಳೆ ಹಿಡಿದು ನೆಂಟರಂತೆ ಬಂದಳು. ಚ್ಯೂ ಯಾನ್ ಎರಡೂ ಕೈಯಲ್ಲಿ ಹಣ್ಣು ಇಸಿದುಕೊಂಡು, "ಅಕ್ಕ, ಇಲ್ಲಿ ಫ್ಯಾನಿನ ಕೆಳಗೆ ಕೂತ್ಕೊಳ್ಳಿ" ಎಂದಳು. ಎಲ್ಲರೂ ಹೊಟ್ಟೆ ತುಂಬ ತಿಂದೆವು. ಚ್ಯೂ ಯಾನ್ ಅಂಗಡಿಯ ಗಿರಾಕಿಗಳ ಕತೆ ಹೇಳಿದಳು, ಆಕೋ ನಕ್ಕಳು. ಆಮೇಲೆ ಅಪ್ಪ ಎದ್ದು ಒಂದು ಬಾಗಿಲು ತೆರೆದು ದೀಪ ಹಾಕಿದ.

ಚಿಕ್ಕ ಕೋಣೆ. ಒಂದು ಮಂಚ, ಅದರ ಮೇಲಿನ ಹಾಸಿಗೆಗೆ ಅಂಗಡಿಯ ಪ್ಲಾಸ್ಟಿಕ್ ಹಾಗೆಯೇ ಇತ್ತು. ಗೋಡೆಯಲ್ಲಿ ಬಟ್ಟೆ ನೇತುಹಾಕಲು ಮೊಳೆ ಹೊಡೆದಿದ್ದ, ಆಕೋಳ ಕೈಗೆ ಎಟುಕುವಷ್ಟು ಕೆಳಗೆ.

"ಯಾರೂ ಮಲಗಿಲ್ಲ," ಎಂದ ಅಪ್ಪ.

ಆಕೋ ಹೊಸ್ತಿಲಲ್ಲಿ ನಿಂತಳು. ಆಮೇಲೆ ಒಳಗೆ ಹೋಗಿ ಪ್ಲಾಸ್ಟಿಕ್ಕಿನ ಮೇಲೆಯೇ ಅಂಗೈ ಒತ್ತಿ ನೋಡಿದಳು.

"ಗಟ್ಟಿಯಾಗಿದೆ. ಬೆನ್ನಿಗೆ ಒಳ್ಳೇದು," ಎಂದಳು.

"ಹಾಗಾದ್ರೆ?"

"ನಿನಗೂ ಬೆನ್ನು ನೋವಲ್ವಾ? ಮಧ್ಯಾಹ್ನ ನೀನು ಮಲ್ಕೋ."

ಅಪ್ಪ ದೀಪ ಆರಿಸಿದ. ಸ್ವಲ್ಪ ಹೊತ್ತು ಕೂತಿದ್ದು ನಾನೂ ಆಕೋನೂ ಹೊರಟೆವು. ಚ್ಯೂ ಯಾನ್ ಕಟ್ಟಿಕೊಟ್ಟ ಮೀನುಂಡೆಯ ಡಬ್ಬಿಯನ್ನು ಬಸ್ ನಿಲ್ದಾಣದಲ್ಲಿ ನನ್ನ ಕೈಗೆ ಕೊಟ್ಟು, "ನನ್ನ ಹತ್ರ ಬಿಸಿ ಮಾಡೋಕಿಲ್ಲ, ನೀನು ತಗೊಂಡು ಹೋಗು" ಎಂದಳು. ಅವಳ ಬಸ್ಸು ಮೊದಲು ಬಂತು. ಕಂಬಿ ಹಿಡಿದು ನಿಧಾನಕ್ಕೆ ಹತ್ತಿ, ಡ್ರೈವರನ ಹಿಂದಿನ ಸೀಟಿನಲ್ಲಿ ಕೂತಳು. ನಾನು ಕೈ ಬೀಸಿದೆ. ಅವಳು ಚೀಲದಲ್ಲಿ ಏನೋ ಹುಡುಕುತ್ತಿದ್ದಳು, ನೋಡಲಿಲ್ಲ. ನನ್ನ ಬಸ್ಸು ಬರುವುದು ತಡವಿತ್ತು. ಬೆಂಚಿನ ಮೇಲೆ ಕೂತುಕೊಂಡೆ.