ಲೈವ್ ಅಂತ ಬರೆದಿತ್ತು

ಮಳೆಗಾಲ ಬಂತೆಂದರೆ ಮಲ್ಕಾಜ್‌ಗಿರಿಯಲ್ಲಿ ಮನೆಗೊಬ್ಬರು ಜ್ವರ ಬಂದು ಮಲಗುವುದು ಹೊಸದೇನಲ್ಲ. ಅದಕ್ಕೇ ಶಿವಪ್ರಕಾಶರು ತಮ್ಮ ಅಪಾರ್ಟ್‌ಮೆಂಟಿಗೆ ಒಂದು ಏರ್ಪಾಟು ಮಾಡಿದ್ದರು. ಜ್ವರ ಬಂದ ಮನೆಯವರು ಮೊಬೈಲಿನಲ್ಲಿ ಆನ್‌ಲೈನ್ ಶೀಟ್ ತೆರೆದು ತುಂಬಬೇಕು, ಅದರ ಚಾರ್ಟು ಲಿಫ್ಟ್ ಪಕ್ಕದ ಟಿವಿಯಲ್ಲಿ ಕಾಣಬೇಕು. ರೈಲ್ವೆಯಿಂದ ನಿವೃತ್ತರಾದವರು, ಅಸೋಸಿಯೇಷನ್ನಿನ ಕಾರ್ಯದರ್ಶಿ ಬೇರೆ. ಚಾರ್ಟಿನ ಮೇಲೆ ‘ಲೈವ್’ ಎಂದು ತಾವೇ ಕೆಂಪಕ್ಷರದಲ್ಲಿ ಬರೆದು ಬೀಗಿದ್ದರು.

ಟಿವಿಯಲ್ಲಿ ಗೆರೆ ಕೆಳಗಿಳಿದಿತ್ತು. ಜ್ವರ ಇಳಿಯಿತಲ್ಲ ಎಂದು ಜನ ಡ್ರಮ್ಮು, ಕುಂಡಗಳ ನೀರು ಚೆಲ್ಲುವುದನ್ನು ಬಿಟ್ಟರು. ಶಿವಪ್ರಕಾಶರ ಬಾಲ್ಕನಿಯ ಕೂಲರಿನಲ್ಲೂ ನೀರು ಹಾಗೇ ನಿಂತಿತು. ಈಗ ಅವರ ಹೆಂಡತಿ ಪಾರ್ವತಿಬಾಯಿ ಡೆಂಗಿಯಿಂದ ಐಸಿಯು ಸೇರಿದ್ದಾರೆ. ಕರೆದರೂ ಕಣ್ಣು ಬಿಡುತ್ತಿಲ್ಲ.

ಬಟ್ಟೆ ಒಯ್ಯಲು ಮನೆಗೆ ಬಂದ ಶಿವಪ್ರಕಾಶರು ಟಿವಿ ಮುಂದೆ ನಿಂತುಬಿಟ್ಟರು. ಎದುರು ಮನೆಯ ರಶ್ಮಿ ಲಿಫ್ಟಿನಿಂದ ಹೊರಬಂದಳು. ಆಫೀಸಿನಲ್ಲಿ ಅವಳದು ಇಂಥ ಚಾರ್ಟುಗಳದೇ ಕೆಲಸ.

“ಕಾಕು ಹೆಂಗದಾರ್ರಿ ಕಾಕಾ?”

“ಡಾಕ್ಟರ್ ಏನೂ ಹೇಳವಲ್ರು. ಎಲ್ಲಾರ ಮನ್ಯಾಗ ಕಡಿಮಿ ಆಗೈತಿ, ನಮಗಷ್ಟ ಹೆಂಗ ಬಂತು ಬೇಟಾ?”

“ಎಲ್ಲಿ ಕಡಿಮಿರಿ?” ಅವಳು ಮೊಬೈಲಿನಲ್ಲಿ ಶೀಟ್ ತೋರಿಸಿದಳು. ಜ್ವರದ ಮನೆಗಳು ಸಾಲುಗಟ್ಟಿದ್ದವು. “ಮಂದಿ ದಿನಾ ತುಂಬಾಕತ್ತಾರ. ಟಿವಿಗೆ ಅದು ಮುಟ್ಟವಲ್ದು.”

“ಲೈವ್ ಅಂತ ಬರದೈತಲ್ಲ.”

“ಬರದವರು ನೀವರಿ. ಚಾರ್ಟ್ ಕಾಪಿ ಮಾಡಿ ಟಿವಿಯ ಸ್ಲೈಡಿಗೆ ಹಾಕುವಾಗ, ಶೀಟಿಗೆ ಲಿಂಕ್ ಮಾಡ್ಲೇನು ಅಂತ ಕಂಪ್ಯೂಟರ್ ಕೇಳಿರ್ತೈತಿ. ಬ್ಯಾಡ ಅಂದೀರಿ. ಇದು ಚಾರ್ಟ್ ಅಲ್ರಿ, ಅವತ್ತಿನ ಚಾರ್ಟಿನ ಫೋಟೋ. ನಾನೂ ದಿನಾ ಇದರ ಮುಂದನ ಓಡಾಡೀನಿ, ನೋಡಲಿಲ್ಲ.”

ಶಿವಪ್ರಕಾಶರಿಗೆ ನೆನಪಾಯಿತು. ಲಿಂಕ್ ಒತ್ತಿದರೆ ಬ್ಯಾಂಕಿನ ದುಡ್ಡು ಹೋಗುತ್ತದೆ ಎಂದು ಎಲ್ಲರೂ ಹೇಳಿದ್ದರು. ಆ ಹೆದರಿಕೆಗೇ ಬೇಡ ಎಂದಿದ್ದರು.

“ಲಿಂಕ್ ಅಂದ್ರ ಎಲ್ಲಾನೂ ಮೋಸ ಅಲ್ರಿ ಕಾಕಾ. ಇದು ನಮ್ಮದ ಶೀಟು.”

ರಶ್ಮಿ ಲ್ಯಾಪ್‌ಟಾಪ್ ತಂದು, ಹಳೆಯದನ್ನು ಅಳಿಸಿ, ಚಾರ್ಟನ್ನು ಲಿಂಕ್ ಮಾಡಿ ಹಾಕಿದಳು. “ಲಿಂಕ್ ಮಾಡಿದರಷ್ಟ ಸಾಲಂಗಿಲ್ರಿ. ಶೀಟ್ ಬದಲಾದಾಗ ಸ್ಲೈಡ್ ತೆರದು ‘ಅಪ್‌ಡೇಟ್’ ಒತ್ತಬೇಕು. ಒತ್ತಿದ ತಾರೀಖು ಕೆಳಗ ಬರೀಬೇಕು. ನಿಮ್ಮ ಮನಿದು ತುಂಬೀರೇನು?”

ತುಂಬಿರಲಿಲ್ಲ. ಶೀಟಿನಲ್ಲಿ ತಮ್ಮ ಮನೆಯ ಮುಂದೆ ‘ಡೆಂಗಿ’ ಎಂದು ಬರೆದು ಶಿವಪ್ರಕಾಶರು ಅಪ್‌ಡೇಟ್ ಒತ್ತಿದರು. ಗೆರೆ ಸರ್ರನೆ ಮೇಲೇರಿತು. ಅದರ ತುದಿಯಲ್ಲಿ ಪಾರ್ವತಿಬಾಯಿಯೂ ಇದ್ದರು.

“ಇದು ಮೊದಲ ಕಂಡಿದ್ರ ಕೂಲರ್ ಖಾಲಿ ಮಾಡ್ತಿದ್ದೆ,” ಎಂದು ಅವರು ಮೆಟ್ಟಿಲ ಮೇಲೆ ಕುಸಿದು ಅತ್ತರು. ಆಮೇಲೆ ಎದ್ದು ಮನೆಗೆ ಹೋಗಿ ಕೂಲರಿನ ನೀರು ಚೆಲ್ಲಿದರು. ಸೊಳ್ಳೆಮರಿಗಳು ಇನ್ನೂ ಮಿಸುಕುತ್ತಿದ್ದವು. ಬಟ್ಟೆಯ ಚೀಲ ಹಿಡಿದು ಆಸ್ಪತ್ರೆಗೆ ಹೊರಟಾಗಲೂ ಡಾಕ್ಟರಿಂದ ಫೋನು ಬಂದಿರಲಿಲ್ಲ.

ನಿಮ್ಮ ಕಟ್ಟಡದ ಟಿವಿಯಲ್ಲೂ ಚಾರ್ಟ್ ಇದೆಯೇ? ಇವತ್ತೇ ಹೋಗಿ ಅದರ ತಾರೀಖು ನೋಡಿ. ತಾರೀಖು ಇಲ್ಲದಿದ್ದರೆ ಅದನ್ನು ನಂಬಬೇಡಿ, ಶೀಟ್ ತೆರೆದು ನೋಡಿ. ಲಿಂಕ್ ಮಾಡಿ, ಅಪ್‌ಡೇಟ್ ಒತ್ತಿ. ನಿಮ್ಮ ಮನೆಯವರು ಆ ಗೆರೆಯ ತುದಿಗೆ ಸೇರುವ ಮೊದಲೇ ಒತ್ತಿ.