ಪೀರಮ್ಮನ ಗ್ಯಾಸ್ ಬತ್ತಿ

ಹಳೆಯ ಸಾಮಾನು ತರುವವರಲ್ಲಿ ಮುಕ್ಕಾಲು ಮಂದಿ ನನಗೆ ತಲೆನೋವು. ರಿಪೇರಿ ಮಾಡು ಅನ್ನುತ್ತಾರೆ, ಮತ್ತೆ ಮೊದಲಿದ್ದಂತೆಯೇ ಕಾಣಬೇಕು ಅನ್ನುತ್ತಾರೆ. ಮೊದಲಿದ್ದಂತೆಯೇ ಕಾಣಬೇಕಿದ್ದರೆ ಮನೆಯಲ್ಲೇ ಇಟ್ಟುಕೊಳ್ಳಲಿ, ನನ್ನ ಹತ್ತಿರ ಯಾಕೆ ತರಬೇಕು? ಶಹಾಬಾದಿನ ಸ್ಟೇಷನ್ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ, ಸ್ಟೋವ್ ರಿಪೇರಿಯ ಬಷೀರಾಗೆ ಬಾಯಿ ಜೋರು, ಆದರೆ ಕೈ ಚೊಕ್ಕ. ನಮ್ಮ ಮನೆಯವರು ಇದ್ದಾಗ ಅವರು ಪಂಪು, ವಾಷರು ನೋಡಿಕೊಳ್ಳುತ್ತಿದ್ದರು, ನಾನು ಬಣ್ಣ ಹಚ್ಚುತ್ತಿದ್ದೆ. ಈಗ ಎರಡೂ ನಾನೇ.

ಭಂಕೂರಿನ ಲುಂಬಿನಿ ಒಂದು ಗೋಣಿಚೀಲ ಅಪ್ಪಿಕೊಂಡು ಬಂದಳು. ವಾಡಿಯಲ್ಲಿ ನರ್ಸ್ ಕೆಲಸ ಮಾಡುವ ಹುಡುಗಿ, ಹೋಗಿ ಬರುವಾಗ ಅಂಗಡಿಯ ಮುಂದೆ ನಿಂತು ಮಾತಾಡಿಸುವುದು ರೂಢಿ.

"ಚಾಚಿ, ಇದು ಮತ್ತ ಉರೀಬೇಕ್ರಿ. ನನ್ನ ಲಗ್ನದಾಗ."

ಚೀಲದಿಂದ ಬಂದದ್ದು ಗ್ಯಾಸ್ ಬತ್ತಿ, ಪೆಟ್ರೋಮ್ಯಾಕ್ಸ್ ಅನ್ನುತ್ತಾರಲ್ಲ, ಅದು. ಕೆಳಗೆ ಚಿಮಣಿ ಎಣ್ಣೆಯ ಟಾಕಿ, ಗಾಳಿ ತುಂಬಲು ಪುಟ್ಟ ಪಂಪು, ಗಾಜಿನೊಳಗೆ ರೇಷ್ಮೆಯಂಥ ಬಿಳಿ ಮ್ಯಾಂಟಲ್ ಕಟ್ಟುವ ಜಾಗ, ಮೇಲೊಂದು ಟೊಪ್ಪಿಗೆ. ಈಗ ಚಿಂಚೋಳಿ ಕಾಡಿಗೆ ಟೆಂಟು ಹೊತ್ತು ಹೋಗುವವರು ಇಂಥವನ್ನು ಶೋಕಿಗೆ ಹುಡುಕುತ್ತಾರೆ. ಆಗ ಮದುವೆಯ ಮೆರವಣಿಗೆಯಲ್ಲಿ ಇವನ್ನು ತಲೆಯ ಮೇಲೆ ಹೊತ್ತು ನಡೆಯುವವರಿದ್ದರು.

"ನಮ್ಮ ಆಯಿ ಹೊತ್ತಿದ್ದು ಇದು," ಅಂದಳು ಲುಂಬಿನಿ. ಆಯಿ ಎಂದರೆ ಅವಳ ಅಜ್ಜಿ ಪೀರಮ್ಮ. "ಅಟ್ಟದ ಮ್ಯಾಲ ಬಿದ್ದಿತ್ತು. ಆಯಿಗಿ ಹೇಳಿಲ್ಲ. ಲಗ್ನದ ದಿನ ಒಮ್ಮೆಲೇ ಹಚ್ಚಿ ತೋರಸ್ತೀನಿ. ನೀಲಿ ಬಣ್ಣ ಹಚ್ರಿ, ಚಾಚಿ. ಛಂದ ನೀಲಿ."

ಮದುಮಗಳು ಕೇಳಿದ ಮೇಲೆ ಇಲ್ಲ ಅನ್ನುವಷ್ಟು ಕಟುಕಿ ನಾನಲ್ಲ. ಕೆಲಸಕ್ಕೆ ಕೂತೆ. ಟಾಕಿಯೊಳಗೆ ಹಳೆಯ ಎಣ್ಣೆ ಅಂಟಾಗಿ ಕೂತಿತ್ತು, ತೊಳೆದು ತೆಗೆದೆ. ಪಂಪಿನ ಚರ್ಮದ ವಾಷರು ಒಣಗಿ ಬಿರಿದಿತ್ತು, ಹೊಸದು ಕತ್ತರಿಸಿ ಹಾಕಿದೆ. ಹಸಿರು ಬಣ್ಣ, ಅದರ ಮೇಲೆ ಬೆಳ್ಳಿ ಬಣ್ಣ, ಅದರ ಮೇಲೆ ತುಕ್ಕು. ಪಾಲಿಶ್ ಪೇಪರ್ ಹಿಡಿದು ತಿಕ್ಕಿ ತಿಕ್ಕಿ ನನ್ನ ರಟ್ಟೆ ಬಿದ್ದುಹೋಯಿತು. ಟೊಪ್ಪಿಗೆ ಕಾಯುತ್ತದೆ, ಸಾದಾ ಬಣ್ಣ ಸುಟ್ಟು ಗುಳ್ಳೆ ಏಳುತ್ತದೆ. ಅದಕ್ಕೆ ಬೈಕಿನ ಸೈಲೆನ್ಸರಿಗೆ ಹೊಡೆಯುವ ಕಪ್ಪು ಬಣ್ಣ ತಂದೆ. ಟಾಕಿಗೆ ಪ್ರೈಮರ್, ಆಮೇಲೆ ನೀಲಿ.

ಬಂದಾಗ ಬತ್ತಿ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಟಾಕಿಯ ತಳದ ಬಳೆ ಒಂದು ಕಡೆ ಒಳಕ್ಕೆ ತಗ್ಗಾಗಿತ್ತು, ನೆಲದ ಫರಸಿಕಲ್ಲಿನ ಮೇಲಿಟ್ಟರೆ ಕುಡಿದವನ ಹಾಗೆ ವಾಲುತ್ತಿತ್ತು. ವಾಲುವ ಸಾಮಾನು ಕಂಡರೆ ನನಗೆ ಮೈಯೆಲ್ಲ ಉರಿ. ಬಣ್ಣಕ್ಕೆ ಮೊದಲೇ ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಬಳೆಯನ್ನು ಸಪಾಟು ಮಾಡಿದ್ದೆ. ಎಲ್ಲ ಮುಗಿದು ಫರಸಿಯ ಮೇಲೆ ನಿಂತಾಗ ಅದು ಅಲ್ಲಾಡಲಿಲ್ಲ. ನನ್ನ ಕೈಗೆ ನಾನೇ ಮುತ್ತಿಡಬೇಕು ಅನ್ನುವಷ್ಟು ಖುಷಿಯಾಯಿತು.

ಆ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಅಟ್ಟ ಖಾಲಿ ಕಂಡ ಪೀರಮ್ಮ ಮೊಮ್ಮಗಳ ಬಾಯಿ ಬಿಡಿಸಿ, ಆಟೋ ಹಿಡಿದು ಬಂದೇಬಿಟ್ಟಳು. ಏದುಸಿರು ಬಿಡುತ್ತ ಬಾಗಿಲಲ್ಲೇ ನಿಂತಳು. ಹಿಂದೆ ಲುಂಬಿನಿ, ಮುಖ ಸಪ್ಪಗೆ.

"ಬರ್ರಿ ಆಯಿ, ಕುಂದ್ರಿ," ಅಂದೆ.

"ಕುಂದ್ರಲಾಕ ಬಂದಿಲ್ಲ ತಂಗಿ. ಅದನ್ನ ಒಡದು ಗುಜರಿಗಿ ಹಾಕು."

ನನಗೆ ಪಿತ್ತ ನೆತ್ತಿಗೇರಿತು. "ಏನ್ ಮಾತಾಡ್ಲಿಕತ್ತೀರಿ? ಇಷ್ಟ ದಿನ ತಿಕ್ಕಿ ತಿಕ್ಕಿ ಕೈ ಸವೆಸೀನಿ. ಮೊಮ್ಮಗಳು ನಿಮ್ಮ ಸಲುವಾಗೇ ಮಾಡ್ಸ್ಯಾಳ."

"ನನ್ನ ಸಲುವಾಗಿ?" ಪೀರಮ್ಮ ಮೊಮ್ಮಗಳ ಕಡೆ ತಿರುಗಿದಳು. "ನಿಮ್ಮ ಅಜ್ಜ ಭೀಮಶ್ಯಾ, ನಾ, ಇಬ್ರೂ ಹೊತ್ತೀವಿ. ಎಷ್ಟ ಲಗ್ನಕ್ಕ ಬೆಳಕ ಕೊಟ್ಟೀನಿ ನನಗೇ ನೆಪ್ಪಿಲ್ಲ. ಒಬ್ಬ ಮದಿಮಗಳ ಮಾರಿ ನೋಡಿಲ್ಲ. ಮಾರಿ ಎತ್ತಿದ್ರ ಬತ್ತಿ ಬೀಳ್ತದ. ಉಣ್ಣಾ ಹೊತ್ತಿನಾಗ ನಮ್ಮನ್ನ ಚಪ್ಪರದ ಹೊರಗ ನಿಂದ್ರಸ್ತಿದ್ರು. ನಮ್ಮ ಮನ್ಯಾಗ ಇನ್ನ ಯಾರೂ ಇದನ್ನ ಎತ್ತಬಾರದಂತ ಅಟ್ಟಕ್ಕ ಹಾಕೀನಿ. ನೀ ಅದನ್ನ ಬೀಗರ ಮುಂದ ಹಚ್ತೀಯೇನ? ನಿಮ್ಮ ಆಯಿ ಬತ್ತಿ ಹೊರಾಕಿ ಅಂತ ತೋರಸ್ತೀಯೇನ?"

ಲುಂಬಿನಿಯ ಕಣ್ಣು ತುಂಬಿದವು. "ಹೊತ್ತಿದ್ದು ಖರೇ ಅಲ್ಲೇನಾಯಿ? ಅದ್ರಲೇ ಅಪ್ಪನ್ನ ಓದಿಸಿದಿ. ನಂಗ ನಾಚಿಕಿಲ್ಲ."

"ನಿಂಗ ಹ್ಯಾಂಗ ಇರ್ತದ? ಹೊತ್ತಾಕಿ ನಾ."

ಮುದುಕಿ ಒಳಗೆ ಬಂದಳು. ಹೇಗೆ ಹೊರುತ್ತಿದ್ದೆನೆಂದು ತೋರಿಸುವ ಸಿಟ್ಟಿನಲ್ಲಿ ಸೆರಗನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡು, ನಾವು ಬ್ಯಾಡ ಅನ್ನುವಷ್ಟರಲ್ಲಿ ಬತ್ತಿಯನ್ನು ಎತ್ತಿ ಅದರ ಮೇಲೆ ಕೂಡಿಸಿದಳು. ಕೈ ಬಿಟ್ಟಳು. ಬತ್ತಿ ಜಾರಿತು. ನಾನು ಹಾರಿ ಹಿಡಿದೆ.

ಪೀರಮ್ಮ ದಿಗಿಲಾಗಿ ನೋಡಿದಳು. ಬತ್ತಿಯನ್ನು ಓರೆ ಮಾಡಿ ತಳಕ್ಕೆ ಕೈ ಹಾಕಿದಳು. ಬೆರಳು ಬಳೆಯ ಸುತ್ತ ಓಡಾಡಿ ಒಂದು ಕಡೆ ನಿಂತವು.

"ಇಲ್ಲಿ ತಗ್ಗಿತ್ತು."

"ಬಡದು ನೆಟ್ಟಗ ಮಾಡೀನ್ರಿ. ವಾಲ್ತಿತ್ತು," ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಅದು ನಮ್ಮ ಮನಿಯವರು ಬಡದದ್ದು. ಹೊಸದಾಗಿ ಹೊರಾಕ ಹತ್ತಿದಾಗ ದಿನಾ ಜಾರ್ತಿತ್ತು, ಅಳ್ತಿದ್ದೆ. ಒಂದಿನ ಕಲ್ಲ ತಗೊಂಡು ಕುಂತು ಬಡದ್ರು. ನನ್ನ ತಲಿ ಮ್ಯಾಲಿಟ್ಟು ನೋಡೋದು, ಮತ್ತ ಬಡ್ಯೋದು. ಆಮ್ಯಾಲ ಒಮ್ಮಿನೂ ಜಾರಿಲ್ಲ."

ನಾನು ಅಂಗಡಿಯ ಫರಸಿ ನೋಡುತ್ತ ನಿಂತೆ. ಗಂಡ ಹೆಂಡತಿಯ ತಲೆಯ ಅಳತೆಗೆ ಬಡಿದು ಕೊಟ್ಟದ್ದನ್ನು ನಾನು ಸುತ್ತಿಗೆ ಹಿಡಿದು ಅಳಿಸಿಹಾಕಿದ್ದೆ. ಗಂಡನನ್ನು ಕಳೆದುಕೊಂಡವಳು ನಾನೂ ಹೌದು. ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದೆ. "ತಪ್ಪಾತು ಆಯಿ. ಬೇಕಂದ್ರ ಮತ್ತ ಬಡದು ತಗ್ಗ ಮಾಡಿ ಕೊಡ್ತೀನಿ."

ಪೀರಮ್ಮ ಸಿಂಬಿ ಬಿಚ್ಚಿ ಸೆರಗು ಹೊದ್ದುಕೊಂಡಳು. ಬತ್ತಿಯನ್ನು ತಾನೇ ಫರಸಿಯ ಮೇಲಿಟ್ಟು, ಬೆರಳಿನಿಂದ ಒಂದು ಸಲ ತಳ್ಳಿ ನೋಡಿದಳು. ಅದು ಅಲ್ಲಾಡಲಿಲ್ಲ.

"ಬ್ಯಾಡ. ಇರ್ಲಿ ಹಿಂಗೇ," ಅಂದಳು. "ಇನ್ನ ಯಾರ ತಲಿ ಮ್ಯಾಲೂ ಕೂಡಂಗಿಲ್ಲ ಇದು. ಲುಂಬಿ, ಹಚ್ಕೊ ನಿನ್ನ ಲಗ್ನಕ್ಕ. ಆದ್ರ ಒಂದ ಮಾತು. ಇಟ್ಟ ಜಾಗಾದಿಂದ ಯಾರೂ ಅದನ್ನ ಎತ್ತಬಾರ್ದು. ಆಳಲ್ಲ, ಮಗಾ ಅಲ್ಲ, ಬೀಗರೂ ಅಲ್ಲ."

ಮದುವೆ ಭಂಕೂರಿನ ಅವರ ಮನೆಯ ಮುಂದೆಯೇ, ಸಂಜೆ. ವರ ಚಿತ್ತಾಪುರದ ಕಡೆಯ ಸಂಘಪಾಲ. ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೊ, ಬಿಳಿ ಸೀರೆಯ ಮದುಮಗಳು. ಚಪ್ಪರದ ಈ ತುದಿಗೆ ಸ್ಟೂಲಿನ ಮೇಲೆ ಹಚ್ಚಿಟ್ಟ ಬತ್ತಿ, ಪಕ್ಕದ ಕುರ್ಚಿಯಲ್ಲಿ ಪೀರಮ್ಮ. ಗಾಳಿ ಇಳಿದರೆ ಪಂಪು ಹೊಡೆಯಲು ನಾನು. ಸ್ಟೇಜಿನ ಝಗಝಗ ಲೈಟಿನ ಎದುರು ಬತ್ತಿಯನ್ನು ಯಾರೂ ತಿರುಗಿ ನೋಡಲಿಲ್ಲ. ನನಗೆ ಒಳಗೊಳಗೇ ಸಿಟ್ಟು.

ತ್ರಿಶರಣ ಮುಗಿಯಿತು, ಮಾಲೆ ಕೈಗೆ ಕೊಟ್ಟರು. ಅಷ್ಟರಲ್ಲಿ ಕರೆಂಟು ಹೋಯಿತು.

ಸ್ಟೇಜು ಕತ್ತಲಾಯಿತು. ಗದ್ದಲವೋ ಗದ್ದಲ. ವರನ ಸೋದರಮಾವ ದೇವಿಂದ್ರಪ್ಪ ಅಲ್ಲಿಂದಲೇ ಕೂಗಿದ, "ಏ, ಆ ಬತ್ತಿ ತರ್ರಿ ಇಲ್ಲಿ! ಯಾರರೆ ಎತ್ಕೊಂಡು ಬರ್ರಿ ಲಗೂನ!"

ಇಬ್ಬರು ಗಂಡಸರು ಓಡಿ ಬಂದರು. ಪೀರಮ್ಮ ಸ್ಟೂಲಿಗೆ ಕೈ ಅಡ್ಡ ಇಟ್ಟಳು.

"ಎತ್ತಬ್ಯಾಡ್ರಿ."

"ಆಯಿ, ಮಾಲಿ ಹಾಕೋದು ಉಳದದರಿ. ಅಲ್ಲಿ ಏನೂ ಕಾಣವಲ್ದು," ಅಂದ ದೇವಿಂದ್ರಪ್ಪ, ಹತ್ತಿರ ಬಂದು.

ಮುದುಕಿ ಸ್ಟೂಲಿನಿಂದ ಕೈ ತೆಗೆಯಲಿಲ್ಲ. "ಮದಿಮಕ್ಕಳಿಗಿ ಕಾಲ ಅವಲ್ಲ? ಇಲ್ಲಿಗಿ ಬರ್ಲಿ."

ದೇವಿಂದ್ರಪ್ಪ ಏನೋ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಲುಂಬಿನಿ ಸೀರೆಯ ನೆರಿಗೆ ಹಿಡಿದುಕೊಂಡು ಸ್ಟೇಜು ಇಳಿದಾಗಿತ್ತು. ಹಿಂದೆ ಮಾಲೆ ಹಿಡಿದ ಸಂಘಪಾಲ. ಮಂದಿ ಕುರ್ಚಿ ಸರಿಸಿ ದಾರಿ ಬಿಟ್ಟರು, ಆಮೇಲೆ ಒಬ್ಬೊಬ್ಬರಾಗಿ ಕುರ್ಚಿ ತಿರುಗಿಸಿಕೊಂಡು ನಮ್ಮ ಕಡೆ ಮುಖ ಮಾಡಿ ಕೂತರು. ನಾನು ಪಂಪು ಹೊಡೆದೆ. ಕಣ್ಣೊಳಗೆ ನೀರು ತುಂಬಿ ಪಂಪು ಸರಿಯಾಗಿ ಕಾಣಲಿಲ್ಲ.

ಲುಂಬಿನಿ ನಾಚಿ ತಲೆ ಬಗ್ಗಿಸಿ ನಿಂತಳು. ಪೀರಮ್ಮ ಕುರ್ಚಿಯಿಂದ ಏಳಲಿಲ್ಲ, ಮೊಮ್ಮಗಳನ್ನೇ ಬೆಳಕಿಗೆ ಎಳೆದುಕೊಂಡಳು.

"ಮಾರಿ ಎತ್ತವ್ವಾ. ನೋಡ್ತೀನಿ," ಅಂದಳು.

ಲುಂಬಿನಿ ಮುಖ ಎತ್ತಿದಳು. ಪೀರಮ್ಮ ನೋಡುತ್ತಲೇ ಇದ್ದಳು. ಮಾಲೆ ಹಿಡಿದವರು ಕಾದರು. ಲಗೂ ಮಾಡ್ರಿ ಎಂದು ಯಾರೂ ಅನ್ನಲಿಲ್ಲ.